ಟೆಂಟ್ ಹಾಕುವ ಜಾಗ ಮೊದಲು, ದಾರಿ ಆಮೇಲೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಾನು, ನಮ್ಮ ಯಜಮಾನರು, ಮೈದುನ, ಎರಡು ಮಕ್ಕಳು (ಮಗನಿಗೆ 13, ಮಗಳಿಗೆ 9). ಡಿಸೆಂಬರ್ ಕೊನೆಯ ವಾರ ಮೂರು ರಾತ್ರಿ ಕಾರಿನಲ್ಲಿ ದಾಂಡೇಲಿ, ಗಣೇಶಗುಡಿ, ಜೋಯಿಡಾ ಸುತ್ತಿ ಯಲ್ಲಾಪುರದ ಮೇಲೆ ವಾಪಸ್ ಬರುವ ಯೋಚನೆ ಇದೆ. ಲಾಡ್ಜ್ ಬೇಡ, ಹೊಳೆ ದಂಡೆ ನೋಡಿ ಟೆಂಟ್ ಹಾಕೋಣ, ರಾತ್ರಿ ಬೆಂಕಿ ಹಾಕೋಣ ಅಂತ ಮಕ್ಕಳ ಹಟ. ಟೆಂಟ್ ತಗೊಂಡಾಗಿದೆ. ಕಾರು ಏಳು ವರ್ಷದ್ದು. ನಾವ್ಯಾರೂ ಹಿಂದೆ ಹೀಗೆ ಮಲಗಿದವರಲ್ಲ. ಅತ್ತೆಯವರಿಗೆ ತುಂಬಾ ಭಯ. ಏನೇನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಅಕ್ಕಾ, ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಮೊದಲ ಸಲ ಟೆಂಟಿನಲ್ಲಿ ಮಲಗಿ ಬೆಳಗ್ಗೆ ಹಕ್ಕಿ ಕೂಗಿಗೆ ಎದ್ದ ಮಗು ಅದನ್ನು ಮರೆಯುವುದಿಲ್ಲ. ನಾನು 20 ವರ್ಷದಿಂದ ಹುಬ್ಬಳ್ಳಿ-ಧಾರವಾಡದವರನ್ನು ಗುಂಪು ಕಟ್ಟಿಕೊಂಡು ಆ ಕಾಡಿನ ಕಡೆ ಹೋಗ್ತಾ ಬಂದಿದ್ದೇನೆ. ಅದಕ್ಕೂ ಮೊದಲು ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಹಾಗಾಗಿ ಟೆಂಟು, ಕಾರು ಎರಡರ ಬಗ್ಗೆಯೂ ಹೇಳ್ತೀನಿ. ಆದರೆ ನಿಮ್ಮ ಯೋಜನೆಯಲ್ಲಿ ಎರಡು ಮಾತು ಬದಲಾಗಲೇಬೇಕು. ಹೊಳೆ ದಂಡೆ ಬೇಡ. ಕಾಡಿನಲ್ಲಿ ಬೆಂಕಿಯಂತೂ ಬೇಡವೇ ಬೇಡ.

ಹೆಚ್ಚಿನವರು ಮೊದಲು ದಾರಿ ಗುರುತು ಹಾಕ್ತಾರೆ, ಕತ್ತಲಾದಲ್ಲಿ ಟೆಂಟ್ ಹಾಕೋಣ ಅಂತ ಹೊರಡ್ತಾರೆ. ನೀವು ಉಲ್ಟಾ ಮಾಡಿ. ಮೂರು ರಾತ್ರಿ ಎಲ್ಲಿ ಮಲಗ್ತೀರಿ ಅಂತ ಈಗಲೇ ಗಟ್ಟಿ ಮಾಡಿ. ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತೆ.

ಯಾಕೆ ಅಂದ್ರೆ, ದಾಂಡೇಲಿ-ಜೋಯಿಡಾ ಕಡೆ ಖಾಲಿ ಕಂಡ ಜಾಗವೆಲ್ಲ ಖಾಲಿ ಜಾಗ ಅಲ್ಲ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆದವು. 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರಿಟ್ಟರು. ಸುಮಾರು 1300 ಚದರ ಕಿಲೋಮೀಟರ್ ಕಾಡು ಅದು. ಅದರ ಹೊರಗೆ ಇರುವುದೂ ಬಹುಪಾಲು ಅರಣ್ಯ ಇಲಾಖೆಯ ಜಾಗವೇ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು, ಕಾಡಿಗೆ ಅಪಾಯವಾಗುವ ಹಾಗೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಡಿಸೆಂಬರ್ ಅಂದ್ರೆ ತೇಗದ ಎಲೆ ಉದುರಲು ಶುರುವಾಗುವ ಹೊತ್ತು. ಒಣಗಿದ ತೇಗದ ಎಲೆ ಹಪ್ಪಳದ ಹಾಗಿರುತ್ತೆ. ಒಂದು ಕಿಡಿ ಸಾಕು. ನಮ್ಮ ಗದಗಿನ ಕಪ್ಪತಗುಡ್ಡದಲ್ಲಿ ಬೇಸಿಗೆ ಬಂತೆಂದರೆ ಬೆಂಕಿಯ ಸುದ್ದಿ ಓದ್ತೀವಲ್ಲ, ಅದು ನೆನಪಿರಲಿ.

ಇನ್ನು ಹೊಳೆ ದಂಡೆಯ ಮಾತು. ಕಾಳಿ ಹೊಳೆಗೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. 101 ಮೀಟರ್ ಎತ್ತರದ್ದು. ಕರೆಂಟ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗಿನ ಹೊಳೆ ಏರುತ್ತೆ, ನಿಲ್ಲಿಸಿದಾಗ ಇಳಿಯುತ್ತೆ. ಮಳೆಗೂ ಇದಕ್ಕೂ ಸಂಬಂಧವೇ ಇಲ್ಲ. ಸುಮಾರು 15 ವರ್ಷದ ಹಿಂದೆ ನಾವು ಐದು ಜನ ಗಣೇಶಗುಡಿಯ ಕೆಳಗೆ ಹೊಳೆಯ ಮಗ್ಗುಲಿನ ಮರಳಿನ ಮೇಲೆ ಟೆಂಟ್ ಹಾಕಿದ್ವಿ. ನೀರು ಇಪ್ಪತ್ತು ಹೆಜ್ಜೆ ದೂರ ಇತ್ತು. ಆಕಾಶದ ತುಂಬ ಚುಕ್ಕಿ. ಬೆಳಗಿನ ಜಾವ ನನಗೆ ಎಚ್ಚರ ಆಯ್ತು. ಸದ್ದು ಬದಲಾಗಿತ್ತು. ಮಲಗುವಾಗ ನೀರು ಕಲ್ಲಿಗೆ ಬಡಿಯುವ ಸದ್ದು ಇತ್ತು. ಈಗ ಬರೀ ಸರ್ ಅಂತ ಹರಿಯುವ ಸದ್ದು. ಕಲ್ಲುಗಳೆಲ್ಲ ಮುಳುಗಿದ್ದವು. ಜಿಪ್ ತೆಗೆದು ಬ್ಯಾಟರಿ ಬಿಟ್ಟೆ. ಬಾಗಿಲ ಮುಂದೆ ಸಾಲಾಗಿ ಬಿಟ್ಟಿದ್ದ ಚಪ್ಪಲಿ ಒಂದೂ ಇಲ್ಲ. ನೀರು ಟೆಂಟಿನಿಂದ ಒಂದು ಗೇಣು ದೂರದಲ್ಲಿತ್ತು. ಬರಿಗಾಲಲ್ಲಿ ಎಲ್ಲರನ್ನೂ ಎಬ್ಬಿಸಿ ಮೇಲೆ ಓಡಿದ್ವಿ, ಸಾಮಾನು ಅರ್ಧ ಅಲ್ಲೇ ಬಿಟ್ಟು. ಮಕ್ಕಳು ಜೊತೆಗಿದ್ದಿದ್ದರೆ ಏನು ಮಾಡ್ತಿದ್ದೆ ಅಂತ ಇವತ್ತಿಗೂ ಯೋಚಿಸ್ತೀನಿ. ಆವತ್ತಿನಿಂದ ನಾನು ಆ ಹೊಳೆಯ ದಂಡೆಯಲ್ಲಿ ಯಾರನ್ನೂ ಮಲಗಿಸಿಲ್ಲ.

ದಾಂಡೇಲಿ ಕಡೆ ಕಾಳಿಯಲ್ಲಿ ಮೊಸಳೆಗಳೂ ಇವೆ. ಚಳಿಗಾಲದಲ್ಲಿ ಬಿಸಿಲು ಕಾಯಿಸಲು ಬಂಡೆಯ ಮೇಲೆ ಬಿದ್ದುಕೊಂಡಿರುತ್ತವೆ. ಮಕ್ಕಳಿಗೆ ದೂರದಿಂದ ತೋರಿಸಿ, ಒಳ್ಳೆ ನೋಟ ಅದು. ಆದರೆ ಸಂಜೆ ಪಾತ್ರೆ ತೊಳೆಯಲು, ಮುಖ ತೊಳೆಯಲು ನೀರಿನ ಅಂಚಿಗೆ ಯಾರೂ ಇಳಿಯಬಾರದು. ಈಜು ರಾಫ್ಟಿಂಗ್ ಏನಿದ್ದರೂ ಗೈಡ್ ಇರುವ ಜಾಗದಲ್ಲಿ, ಜಾಕೆಟ್ ಹಾಕಿಕೊಂಡು, ಅಷ್ಟೇ.

ಹಾಗಾದರೆ ಮಲಗುವುದೆಲ್ಲಿ? ಒಂದು ರಾತ್ರಿ ಅರಣ್ಯ ಇಲಾಖೆಯ ಶಿಬಿರ. ದಾಂಡೇಲಿ ಹತ್ತಿರ ಕುಳಗಿಯಲ್ಲಿ ಪ್ರಕೃತಿ ಶಿಬಿರ ಇದೆ, ಅಲ್ಲೇ ಟೆಂಟ್ ಮನೆಗಳಿವೆ. ವರ್ಷದ ಕೊನೆಯ ವಾರ ಅಂದ್ರೆ ವಿಪರೀತ ರಶ್. ಇವತ್ತೇ ಬುಕ್ ಮಾಡಲು ಕೂತುಕೊಳ್ಳಿ. ಉಳಿದ ಎರಡು ರಾತ್ರಿ ಜೋಯಿಡಾ ಕಡೆಯ ಹೋಮ್‌ಸ್ಟೇ ಅಂಗಳ. ಅಲ್ಲಿ ಊರಿನವರೇ ನಡೆಸುವ ಮನೆಗಳು ಬೇಕಾದಷ್ಟಿವೆ. ರೂಮ್ ಬೇಡ, ನಿಮ್ಮ ಅಂಗಳದಲ್ಲಿ ನಮ್ಮ ಟೆಂಟ್ ಹಾಕ್ತೀವಿ, ಊಟ ನಿಮ್ಮಲ್ಲೇ ಮಾಡ್ತೀವಿ ಅಂತ ಕೇಳಿ ನೋಡಿ. ಎಷ್ಟೋ ಮನೆಯವರು ಒಪ್ಪುತ್ತಾರೆ. ನಿಮಗೆ ಸಂಡಾಸು, ಸ್ನಾನದ ನೀರು ಸಿಗುತ್ತೆ. ಮಕ್ಕಳು ಟೆಂಟಿನಲ್ಲೇ ಮಲಗಿದ ಹಾಗಾಗುತ್ತೆ. ರಾತ್ರಿ ಏನಾದರೂ ಆದರೆ ಕೂಗಿದರೆ ಕೇಳುವಷ್ಟು ಹತ್ತಿರ ಒಂದು ಮನೆ ಇರುತ್ತೆ. ಬೆಂಕಿಯ ಆಸೆಯೂ ಅಲ್ಲೇ ತೀರಬಹುದು. ಮನೆಯವರು ದಿನಾ ಒಲೆ ಹಚ್ಚುವ ಜಾಗದಲ್ಲಿ, ಅವರು ಹೂಂ ಅಂದರೆ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು ಹಾಕಿ. ಮಲಗುವ ಮೊದಲು ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಹತ್ತಿರ ಅಂಗೈ ಹಿಂಭಾಗ ಹಿಡಿದರೆ ಬಿಸಿ ತಾಗಬಾರದು. ಆಮೇಲೆ ಒಂದು ಮಾತು ಗಟ್ಟಿ ಹಿಡಿಯಿರಿ. ಚಳಿ ಅಂತ ಕೆಂಡದ ಸಿಗಡಿಯನ್ನು ಟೆಂಟಿನೊಳಗೆ ಇಡಲೇಬೇಡಿ. ಅದರ ಗಾಳಿಗೆ ವಾಸನೆ ಇರಲ್ಲ, ಮಲಗಿದವರು ಮಲಗಿದಲ್ಲೇ ಸಾಯ್ತಾರೆ.

ಫೋನಿನಲ್ಲಿ ಮಾತಾಡುವಾಗ ಮೂರು ಪ್ರಶ್ನೆ ಕೇಳಿ. ಕಾರು ಅಂಗಳದ ತನಕ ಬರುತ್ತಾ? ಈ ತಿಂಗಳು ಆನೆ, ಕರಡಿ ಆ ಕಡೆ ಓಡಾಡಿವೆಯಾ? ಯಾವ ಸಿಮ್ ನಡೆಯುತ್ತೆ? ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅದು ತೋರಿಸುವ ಶಾರ್ಟ್‌ಕಟ್ ಮಾತ್ರ ನಂಬಬೇಡಿ. ಕಾಡಿನ ದಾರಿ ಗೇಟಿನ ಹತ್ತಿರ ನಿಂತುಹೋಗುತ್ತೆ, ಇಲ್ಲವೇ ಹಳ್ಳದಲ್ಲಿ ಮುಗಿಯುತ್ತೆ. ಊರಿನವರನ್ನು ಕೇಳಿಯೇ ತಿರುಗಿ.

ಎಷ್ಟು ಹೊತ್ತಿಗೆ ತಲುಪಬೇಕು? ಸಂಜೆ ನಾಲ್ಕಕ್ಕೆ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತೆ, ಗುಡ್ಡದ ನಡುವೆ ಅದಕ್ಕೂ ಮೊದಲೇ ಮಬ್ಬು. ಹುಬ್ಬಳ್ಳಿಯಿಂದ ದಾಂಡೇಲಿ ಸುಮಾರು 75 ಕಿ.ಮೀ. ಮಾತ್ರ. ಅದಕ್ಕೇ ಜನ ಮಧ್ಯಾಹ್ನ ಊಟ ಮಾಡಿ ಹೊರಡ್ತಾರೆ. ಹಾಗೆ ಮಾಡಬೇಡಿ. ಆ ತಿಂಗಳು ಹಳಿಯಾಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು. ಎರಡೆರಡು ಟ್ರೇಲರ್, ಹಿಂದೆ ಲೈಟೇ ಇರುವುದಿಲ್ಲ. ಹಗಲಲ್ಲಿ ಬರೀ ತಡ ಆಗುತ್ತೆ, ರಾತ್ರಿ ಅಪಾಯ. ಬೆಳಗ್ಗೆ ಏಳಕ್ಕೆ ಧಾರವಾಡ ದಾಟಿದರೆ ಇಡೀ ದಿನ ನಿಮ್ಮದು.

ಕಲಘಟಗಿ, ಮುಂಡಗೋಡ, ಹಳಿಯಾಳದ ಕಡೆ ಭತ್ತ, ಕಬ್ಬಿನ ಕಾಲಕ್ಕೆ ಆನೆಗಳೂ ಬರುತ್ತವೆ. ರಸ್ತೆಯಲ್ಲಿ ಆನೆ, ಕಾಡುಕೋಣ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಫ್ಲ್ಯಾಶ್ ಬೇಡ, ಕಾರಿನಿಂದ ಇಳಿಯುವುದು ಬೇಡ. ಅದು ನಿಮ್ಮ ಕಡೆ ತಿರುಗಿತು ಅಂದ್ರೆ ನಿಧಾನ ರಿವರ್ಸ್ ಹಾಕಿ. ಅದು ದಾಟಿದ ಮೇಲೂ ಎರಡು ನಿಮಿಷ ತಡೀರಿ. ಹಿಂದೆ ಮರಿ ಇರುತ್ತೆ.

ಈಗ ಟೆಂಟು. ಹೊಸ ಟೆಂಟನ್ನು ಮೊದಲ ಸಲ ಕಾಡಿನಲ್ಲಿ ಬಿಚ್ಚಬಾರದು. ಈ ಭಾನುವಾರ ಮಾಳಿಗೆ ಮೇಲೆ ಹಾಕಿ. ಒಂದು ಸಲ ಹಗಲಲ್ಲಿ, ಒಂದು ಸಲ ರಾತ್ರಿ ತಲೆಗೆ ಬ್ಯಾಟರಿ ಕಟ್ಟಿಕೊಂಡು. ಮಕ್ಕಳೇ ಹಾಕಲಿ. ಆಮೇಲೆ ಮೇಲಿನಿಂದ ನಾಲ್ಕು ಕೊಡ ನೀರು ಸುರಿಯಿರಿ. ಎಲ್ಲಿ ಸೋರುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ಆ ರಾತ್ರಿ ಅಲ್ಲೇ ಮಲಗಿ.

ನೆಲದ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು. ನಮ್ಮ ನವಲಗುಂದ, ಗದಗ ಕಡೆಯ ಎರೆ ಹೊಲದಲ್ಲಿ ಹಸಿ ಇದ್ದಾಗ ಗೂಟ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತೆ, ಗಾಳಿ ಬಂದರೆ ಹಾಗೇ ಕಿತ್ತು ಬರುತ್ತೆ. ಜೋಯಿಡಾ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಅದು ಇಳಿಯುವುದೇ ಇಲ್ಲ. ಟೆಂಟಿನ ಜೊತೆ ಕೊಡುವ ಸಣ್ಣ ಅಲ್ಯೂಮಿನಿಯಂ ಗೂಟ ಎರಡು ಏಟಿಗೆ ಬಾಗುತ್ತೆ. ನಾನು ಒಂದು ಗೇಣುದ್ದದ ಕಬ್ಬಿಣದ ಮೊಳೆ ಎಂಟು, ಒಂದು ಸುತ್ತಿಗೆ, ಒಂದಿಷ್ಟು ನೈಲಾನ್ ಹಗ್ಗ ಇಟ್ಟುಕೊಂಡಿರ್ತೀನಿ. ಮೊಳೆ ಇಳಿಯದಿದ್ದರೆ ತೆಂಗಿನಕಾಯಿಗಿಂತ ದೊಡ್ಡ ಕಲ್ಲು ಹುಡುಕಿ ಹಗ್ಗವನ್ನು ಅದಕ್ಕೆ ಸುತ್ತಿ, ಮುಂದೆ ಇನ್ನೊಂದು ಕಲ್ಲು ಒತ್ತಿ ಇಡಿ. ಕಲ್ಲು ಎತ್ತುವ ಮೊದಲು ಕೋಲಿನಿಂದ ಸರಿಸಿ ನೋಡಿ. ಕೆಳಗೆ ಚೇಳು ಇರಬಹುದು.

ಟೆಂಟಿನ ಜಾಗ ಆರಿಸುವಾಗ ತಲೆ ಎತ್ತಿ ನೋಡಿ. ತೆಂಗು, ಅಡಿಕೆ ಮರದ ಕೆಳಗೆ ಬೇಡ, ಸೋಗೆ ಬಿದ್ದರೆ ಪೆಟ್ಟು ಜೋರು. ಒಣ ಕೊಂಬೆ ಇರುವ ಮರದ ಕೆಳಗೂ ಬೇಡ. ಹುಲ್ಲಿನ ಬಣವೆ, ಕಟ್ಟಿಗೆ ರಾಶಿಯಿಂದ ದೂರ ಇರಿ. ಇಲಿ ಇದ್ದಲ್ಲಿ ಹಾವು ಬರುತ್ತೆ. ತಗ್ಗಿನಲ್ಲಿ ಚಳಿ, ಇಬ್ಬನಿ ಜಾಸ್ತಿ. ಸ್ವಲ್ಪ ದಿಬ್ಬದ ಮೇಲೆ ಹಾಕಿ. ಕೆಳಗೆ ತಾಡಪತ್ರಿ ಹಾಸುವಾಗ ಅದರ ಅಂಚು ಟೆಂಟಿನಿಂದ ಹೊರಗೆ ಬರಬಾರದು, ಒಳಗೆ ಮಡಚಿ. ಹೊರಗೆ ಬಂದರೆ ಇಬ್ಬನಿ ನೀರು ಅದರ ಮೇಲೆ ಬಿದ್ದು ನಿಮ್ಮ ಬೆನ್ನ ಕೆಳಗೇ ಹರಿಯುತ್ತೆ.

ಚಳಿ ಬರುವುದು ಮೇಲಿನಿಂದ ಅಲ್ಲ, ಕೆಳಗಿನಿಂದ. ಎರಡು ರಗ್ಗು ಹೊದ್ದರೂ ನಡುಗುವವರನ್ನು ನೋಡಿದ್ದೇನೆ. ಅದರಲ್ಲಿ ಒಂದನ್ನು ಕೆಳಗೆ ಹಾಸಿದ ತಕ್ಷಣ ನಿದ್ದೆ ಬಂತು. ಇದಕ್ಕೆ ನಮ್ಮ ಕುರುಬರ ಕಂಬಳಿಗಿಂತ ಒಳ್ಳೇದು ನನಗೆ ಇನ್ನೂ ಸಿಕ್ಕಿಲ್ಲ. ಉಣ್ಣೆ ಸ್ವಲ್ಪ ತೇವ ಆದರೂ ಬೆಚ್ಚಗಿರುತ್ತೆ. ಮನೆಯಲ್ಲಿ ಅಜ್ಜನ ಕಾಲದ್ದು ಇದ್ದರೆ ತೆಗೆಯಿರಿ, ಬಿಸಿಲಿಗೆ ಹಾಕಿ ಕೊಡವಿ ತಗೊಂಡು ಹೋಗಿ.

ಮಾಳಿಗೆ ಆದಮೇಲೆ, ಕಾಡಿಗೆ ಮೊದಲು, ಒಂದು ರಾತ್ರಿ ಬಯಲಲ್ಲಿ ಮಲಗುವ ಅವಕಾಶ ಇದ್ದರೆ ಬಿಡಬೇಡಿ. ಗದಗ ಕಡೆ ನೆಂಟರ ಹೊಲ ಇದೆಯಾ? ಅಲ್ಲಿ ಟೆಂಟ್ ಹಾಕಿ, ಬೆಳಗ್ಗೆ ಬೇಗ ಎದ್ದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಜಾಗ ಅದು. 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಕೆರೆ-ಜೌಗು ಜಾಗಗಳ ಪಟ್ಟಿಗೂ ಸೇರಿತು. ರಾತ್ರಿ ಹೊಲದಲ್ಲಿ ಮೇಯ್ದು ಬೆಳಗ್ಗೆ ಸಾಲುಸಾಲಾಗಿ ಕೆರೆಗೆ ಇಳಿಯುವುದನ್ನು ನಿಮ್ಮ ಮಗಳು ನೋಡಬೇಕು. ಅಲ್ಲೂ ಕೆರೆ ದಂಡೆಯಲ್ಲಿ ಟೆಂಟ್ ಬೇಡ, ಹಕ್ಕಿ ಬೆದರುತ್ತವೆ.

ನಿಮ್ಮ ಅತ್ತೆಯವರ ಭಯ ಬಹುಶಃ ಹಾವಿನದು. ಅದು ಸುಮ್ನೆ ಪಡುವ ಭಯ ಅಲ್ಲ. ಅವರಿಗೆ ಗೌರವದಿಂದಲೇ ಉತ್ತರ ಕೊಡಬೇಕು. ನೆಲದ ಮೇಲೆ ಮಲಗಿದವರಿಗೆ ಹೆಚ್ಚು ಅಪಾಯ ಕಟ್ಟುಹಾವಿನದು. ಅದು ಓಡಾಡುವುದು ರಾತ್ರಿ. ಕಚ್ಚಿದರೆ ನೋವು, ಊತ ಬಹಳ ಇರುವುದಿಲ್ಲ. ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಮಗು ಹೊಟ್ಟೆ ನೋವು ಅಂದರೆ, ಕಣ್ಣ ರೆಪ್ಪೆ ತಾನಾಗಿ ಮುಚ್ಚುತ್ತಿದ್ದರೆ, ನುಂಗಲು ಕಷ್ಟವಾದರೆ ನಿದ್ದೆಗಣ್ಣು ಅಂದುಕೊಳ್ಳಬೇಡಿ. ಕಾರು ಹತ್ತಿಸಿ. ಇದನ್ನು ತಡೆಯುವುದು ಸುಲಭ. ಟೆಂಟಿನ ಜಿಪ್ ಯಾವಾಗಲೂ ಕೆಳಗಿನ ತನಕ ಹಾಕಿರಬೇಕು, ಒಂದು ನಿಮಿಷಕ್ಕೆ ಹೊರಗೆ ಹೋದರೂ. ಈ ಜಿಪ್ಪಿನ ಜವಾಬ್ದಾರಿ ನಿಮ್ಮ ಮಗನಿಗೆ ಕೊಡಿ. 13 ವರ್ಷದ ಹುಡುಗರು ಇಂಥ ಕೆಲಸ ಬಹಳ ಚೊಕ್ಕ ಮಾಡ್ತಾರೆ. ರಾತ್ರಿ ಬ್ಯಾಟರಿ ಇಲ್ಲದೆ ಕಾಲು ಕೆಳಗಿಡಬಾರದು. ಬೂಟು ಕಾರಿನೊಳಗೆ ಇರಲಿ, ಬೆಳಗ್ಗೆ ಕೊಡವಿಯೇ ಹಾಕಿಕೊಳ್ಳಲಿ.

ಕಚ್ಚಿಯೇ ಬಿಟ್ಟರೆ? ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈಕಾಲನ್ನು ಒಂದು ಪಟ್ಟಿಗೆ ಒರಗಿಸಿ ಅಲುಗಾಡದ ಹಾಗೆ ಸಡಿಲವಾಗಿ ಕಟ್ಟಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ವಿಷಕ್ಕೆ ಔಷಧಿ ಆಸ್ಪತ್ರೆಯ ಇಂಜೆಕ್ಷನ್ ಒಂದೇ. ಮಂತ್ರ, ನಾಟಿ ಮದ್ದು ಅಂತ ಅರ್ಧ ಗಂಟೆ ಕಳೆಯಬೇಡಿ. ಹೊರಡುವ ಮೊದಲೇ ದಾಂಡೇಲಿ, ಜೋಯಿಡಾ, ಯಲ್ಲಾಪುರದ ಸರ್ಕಾರಿ ಆಸ್ಪತ್ರೆಗಳಿಗೆ ಫೋನ್ ಮಾಡಿ ಆ ಇಂಜೆಕ್ಷನ್ ಇದೆಯಾ ಕೇಳಿ, ಹೂಂ ಅಂದದ್ದನ್ನು ಕಾಗದದಲ್ಲಿ ಬರೆದುಕೊಳ್ಳಿ. ದೊಡ್ಡ ಆಸ್ಪತ್ರೆ ಅಂದ್ರೆ ನಮ್ಮ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸೇ, ಈಗ ಅದರ ಹೆಸರು ಕೆಎಂಸಿಆರ್‌ಐ.

ಹಾವಿಗಿಂತ ಜಾಸ್ತಿ ಸಲ ಸಿಗುವುದು ಉಣುಗು. ಗಸಗಸೆ ಕಾಳಿನಷ್ಟು ಸಣ್ಣದೂ ಇರುತ್ತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಉತ್ತರ ಕನ್ನಡದಲ್ಲೂ ಸಿದ್ದಾಪುರ ಕಡೆ ಬರುತ್ತಿರುತ್ತೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಉದ್ದ ಪ್ಯಾಂಟು, ಅದನ್ನು ಸಾಕ್ಸಿನೊಳಗೆ ತುರುಕಿಕೊಳ್ಳಿ. ಎಲೆ ರಾಶಿಯ ಮೇಲೆ ಕೂರಬೇಡಿ. ಸಂಜೆ ಬಿಸಿನೀರು ಸ್ನಾನ ಮಾಡಿಸುವಾಗ ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಜಜ್ಜಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ವಾಪಸ್ ಬಂದು ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅನ್ನುವ ಮಾತನ್ನು ಡಾಕ್ಟರಿಗೆ ಮೊದಲು ಹೇಳಿ. ಇಂಬಳ ಡಿಸೆಂಬರ್ ಕೊನೆಗೆ ಕಡಿಮೆ. ಹಳ್ಳದ ಹತ್ತಿರ ಹತ್ತಿದರೆ ಒಂದು ಚಿಟಿಕೆ ಉಪ್ಪು ಸಾಕು.

ಊಟಕ್ಕೆ ನಾವು ಚಿಂತೆ ಮಾಡಬೇಕಾಗಿಯೇ ಇಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಒಂದು ಬಾಟಲಿ ಎಣ್ಣೆ, ಉಳ್ಳಾಗಡ್ಡಿ, ಸೌತೆಕಾಯಿ. ಒಲೆಯೇ ಬೇಡ, ಕೆಡುವುದೂ ಇಲ್ಲ. ಬೆಳಗ್ಗೆಗೆ ಅವಲಕ್ಕಿ, ಚುರುಮುರಿ. ನೀರು ಮಾತ್ರ ಲೆಕ್ಕ ಹಾಕಿ ಒಯ್ಯಿರಿ. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್. ಮುಖ್ಯವಾದದ್ದು, ತಿನ್ನುವ ಯಾವ ಸಾಮಾನೂ ಟೆಂಟಿನೊಳಗೆ ಇರಬಾರದು. ಮಗಳ ಜೇಬಿನ ಚಾಕಲೇಟ್, ಫೇಡೆ ಡಬ್ಬಿ ಕೂಡ. ಎಲ್ಲ ಕಾರಿನ ಡಿಕ್ಕಿಯೊಳಗೆ. ಹಂದಿ, ಮಂಗ, ಕರಡಿ ಎಲ್ಲಕ್ಕೂ ನಮಗಿಂತ ಮೂಗು ಚುರುಕು. ಜೋಯಿಡಾ ಮನೆಗಳಲ್ಲಿ ಗೆಡ್ಡೆ-ಗೆಣಸಿನ ಪಲ್ಯ ಮಾಡಿ ಕೊಡ್ತೀರಾ ಅಂತ ಕೇಳಿ. ಅಲ್ಲಿಯ ಕುಣಬಿ ಜನ ಬೆಳೆಯುವಷ್ಟು ಬಗೆಯ ಗೆಡ್ಡೆ ನಮ್ಮ ಸಂತೆಯಲ್ಲಿ ನೋಡಲು ಸಿಗುವುದಿಲ್ಲ.

ಕಾರಿಗೆ ಬರೋಣ. ಏಳು ವರ್ಷದ್ದು ಅಂದಿರಿ. ಟೈರ್ ಬದಲಿಸಿದ್ದೀರಾ? ಟೈರಿನ ಬದಿಯಲ್ಲಿ ಸಣ್ಣ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಹಲ್ಲು ಇದ್ದರೂ ಆ ಟೈರಿನ ಮೇಲೆ ಐದು ಜನ, ಸಾಮಾನು ಹೇರಿಕೊಂಡು ಘಟ್ಟಕ್ಕೆ ಹೋಗಬೇಡಿ. ಸ್ಟೆಪ್ನಿಯನ್ನು ಹೊರಗೆ ತೆಗೆದು ಗಾಳಿ ನೋಡಿ. ಒಮ್ಮೆ ಕಲಘಟಗಿ ದಾಟಿ ಪಂಕ್ಚರ್ ಆದಾಗ ನಮ್ಮ ಜೊತೆ ಬಂದಿದ್ದ ಕಾರಿನ ಸ್ಟೆಪ್ನಿ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಿತ್ತು. ಎರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮನೆಯ ಮುಂದೆಯೇ ಒಂದು ಸಲ ಜಾಕ್ ಹಾಕಿ ಚಕ್ರ ಬಿಚ್ಚಿ ಹಾಕಿ. ನಟ್ ಬಿಗಿ ಹಿಡಿದಿರುವುದು ಅಲ್ಲೇ ಗೊತ್ತಾಗಲಿ. ಒಂದು ಚದರಡಿ ದಪ್ಪ ಹಲಗೆ ಡಿಕ್ಕಿಯಲ್ಲಿರಲಿ. ಮೆತ್ತನೆ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತೆ, ಹಲಗೆ ಕೆಳಗಿಟ್ಟರೆ ನಿಲ್ಲುತ್ತೆ. ಬ್ಯಾಟರಿ, ಬ್ರೇಕ್ ಆಯಿಲ್, ಕೂಲಂಟ್ ಮೆಕ್ಯಾನಿಕ್‌ಗೆ ತೋರಿಸಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಬಿಸಿಯಾಗಿ ಹಿಡಿಯುವುದೇ ನಿಲ್ಲುತ್ತೆ. ಏರಲು ಹಾಕುವ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ದಾಂಡೇಲಿಯಲ್ಲಿ ಫುಲ್ ಮಾಡಿಸಿ. ಮುಂದೆ ಬಂಕ್ ಸಿಗುತ್ತೆ ಅನ್ನುವ ಲೆಕ್ಕಾಚಾರ ಬೇಡ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಬರುವ 52ನೇ ಹೆದ್ದಾರಿ, ಹಳೇ 63, ರಾತ್ರಿ ಲಾರಿಗಳದ್ದೇ ರಾಜ್ಯ. ಕೊನೆಯ ದಿನವೂ ಮಧ್ಯಾಹ್ನವೇ ಯಲ್ಲಾಪುರ ಬಿಡಿ.

ಕಸ ಎಲ್ಲ ವಾಪಸ್ ಹುಬ್ಬಳ್ಳಿಗೆ. ಎರಡು ದೊಡ್ಡ ಚೀಲ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಒಂದು ಹಾಳೆ ತಗೊಂಡು ಅತ್ತೆಯವರ ಪಕ್ಕ ಕೂತುಕೊಳ್ಳಿ. ಮೂರು ರಾತ್ರಿ ಮಲಗುವ ಮನೆಗಳ ಹೆಸರು, ಫೋನ್ ನಂಬರ್, ಕಾರಿನ ನಂಬರ್ ಅವರ ಎದುರೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೆಳಗೆ 112, ಆಂಬ್ಯುಲೆನ್ಸಿನ 108 ಬರೆಯಿರಿ. ಗಣೇಶಗುಡಿ ದಾಟಿದ ಮೇಲೆ ನಮ್ಮ ಫೋನ್ ಹತ್ತದಿದ್ದರೆ ಗಾಬರಿ ಆಗಬೇಡಿ, ದಿನಾ ರಾತ್ರಿ ಎಂಟಕ್ಕೆ ಮನೆಯವರ ಫೋನಿನಿಂದ ನಾವೇ ಮಾಡ್ತೀವಿ, ಒಂಬತ್ತಾದರೂ ಬರದಿದ್ದರೆ ಮೊದಲು ಈ ನಂಬರಿಗೆ ಮಾಡಿ ಅಂತ ಬೆರಳಿಟ್ಟು ತೋರಿಸಿ. ಆ ಹಾಳೆಯನ್ನು ಫೋನ್ ಇಡುವ ಜಾಗದ ಗೋಡೆಗೆ ಅಂಟಿಸಿ. ಆಮೇಲೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಿ.